ಮರದ ಡೆಕ್‌ಗೆ ಎಣ್ಣೆ ಹಚ್ಚೋದು: ಪಾಲಿಶ್ ಮೇಸ್ತ್ರಿಗೆ ಪ್ರಶ್ನೆ ಕೇಳಿ

ವೀಣಾ: ನಮಸ್ತೆ ಸರ್. ಹೊಸ ಡೆಕ್, ಮಳೆ ಬಿಸಿಲು ಎರಡೂ ಬೀಳುತ್ತೆ. ಎಣ್ಣೆ ಎಷ್ಟು ಕೋಟ್ ಬೇಕು?

ಮೇಸ್ತ್ರಿ: ನಮಸ್ತೆ ಅಮ್ಮ. ತೆಳುವಾಗಿ ಎರಡು. ಮೊದಲು 80ನೇ ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ಎಳೆಯ ಉದ್ದಕ್ಕೆ ಉಜ್ಜಿ. ಮಿಲ್ಲಿನಿಂದ ಬಂದ ನುಣುಪು ಮೈಗೆ ಎಣ್ಣೆ ಇಳಿಯಲ್ಲ, 220ರಲ್ಲಿ ನಯ ಮಾಡಿದರೂ ಅದೇ ಗತಿ. ನೀರಿನ ಹನಿ ಹಾಕಿ ನೋಡಿ, ಮಣಿಯಾಗಿ ನಿಂತರೆ ಇನ್ನೂ ಉಜ್ಜಬೇಕು. ಹಲಗೆಯ ಕೊಯ್ದ ತುದಿಗೆ ಕುಡಿಯುವಷ್ಟೂ ಕುಡಿಸಿ, ನೀರು ಹೆಚ್ಚು ನುಗ್ಗೋದು ಅಲ್ಲಿಂದಲೇ.

ರಘು: ಅಗಸೆ ಎಣ್ಣೆ ಎರಡು ಕೋಟ್ ದಪ್ಪಗೆ ಬಳಿದೆ, ನಾಲ್ಕು ದಿನವಾದರೂ ಕಾಲಿಗೆ ಅಂಟುತ್ತೆ. ಬೆಳಿಗ್ಗೆ ಮೂರನೆಯದೂ ಆಯ್ತು. ಹಚ್ಚಿದ ಬಟ್ಟೆಗಳನ್ನ ಬಕೆಟ್‌ಗೆ ತುರುಕಿದ್ದೆ, ಬೆಚ್ಚಗಿವೆ. ಬಿಸಿಲಿಗೆ ಅಲ್ವಾ?

ಮೇಸ್ತ್ರಿ: ಅಂಟು ಆಮೇಲೆ, ಮೊದಲು ಬಕೆಟ್. ಹೊಗೆಯೋ ಸುಟ್ಟ ವಾಸನೆಯೋ ಇದ್ದರೆ ಬಟ್ಟೆ ಬಿಡಿಸಬೇಡಿ, ಗಾಳಿ ಸಿಕ್ಕರೆ ಭಗ್ಗನೆ ಹತ್ತುತ್ತೆ. ದೂರದಿಂದ ನೀರು ಸುರಿದು ಅಗ್ನಿಶಾಮಕದವರಿಗೆ ಫೋನ್ ಮಾಡಿ. ಬರೀ ಬೆಚ್ಚಗಿದ್ದರೆ ಈಗಲೇ ಪೂರ್ತಿ ಮುಳುಗುವಷ್ಟು ನೀರು ಹಾಕಿ, ಬಯಲಿಗೆ ಸಾಗಿಸಿ.

ಅದು ಬಿಸಿಲಿನ ಕಾವಲ್ಲ. ಅಗಸೆ ಎಣ್ಣೆ ಆರೋದಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗೋದು. ಆಗ ಕಾವು ಹುಟ್ಟುತ್ತೆ. ಹಲಗೆ ಮೇಲಿನ ಕಾವು ಹಾರಿಹೋಗುತ್ತೆ, ಮುದ್ದೆಯಾದ ಬಟ್ಟೆಯೊಳಗೆ ಸಿಕ್ಕಿಬೀಳುತ್ತೆ. ಕಾವೇರಿದಷ್ಟೂ ಎಣ್ಣೆ ಬೇಗ ಹೀರುತ್ತೆ, ಮತ್ತಷ್ಟು ಕಾವು. ಕಿಡಿಯೇ ಬೇಕಿಲ್ಲ, ತಾನಾಗೇ ಉರಿಯುತ್ತೆ. ಇನ್ಮೇಲೆ ಬಟ್ಟೆಯನ್ನ ಒಂದೊಂದಾಗಿ ಬಯಲಲ್ಲಿ ಹರಡಿ, ಗಡುಸಾದ ಮೇಲೆ ಎಸೆಯಿರಿ. ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಗೆ ಹಾಕಿ ಮುಚ್ಚಿ.

ಅಂಟು ಅಂದರೆ ಮರ ಕುಡಿಯದೆ ಮೇಲೆ ಉಳಿದ ಎಣ್ಣೆ. ಟರ್ಪೆಂಟೈನ್ ಅದ್ದಿದ ಒರಟು ಬಟ್ಟೆಯಲ್ಲಿ ತಿಕ್ಕಿ ತೆಗೆಯಿರಿ (ಆ ಬಟ್ಟೆಗೂ ಇದೇ ಕ್ರಮ). ಹಚ್ಚಿದ 15–20 ನಿಮಿಷಕ್ಕೆ ಉಳಿದದ್ದನ್ನ ಒರೆಸಲೇಬೇಕಿತ್ತು.

ರಘು: ನೀರು ಹಾಕಿದೆ ಸರ್. ಹೊಗೆ ಇರಲಿಲ್ಲ.

ಶೇಖರ್: ಫಾರ್ವರ್ಡ್ ಬಂದಿದೆ: ತೆಂಗಿನೆಣ್ಣೆಗೆ ಹಳೇ ಎಂಜಿನ್ ಆಯಿಲ್ ಬೆರೆಸಿ ಹಚ್ಚಿ, ಹತ್ತು ವರ್ಷ ಗ್ಯಾರಂಟಿ!

ಮೇಸ್ತ್ರಿ: ತೆಂಗಿನೆಣ್ಣೆ ಗಟ್ಟಿಯಾಗೋ ಜಾತಿಯಲ್ಲ, ಧೂಳು ಹಿಡಿಯುತ್ತೆ. ಹಳೇ ಎಂಜಿನ್ ಆಯಿಲ್ ವಿಷ, ಮಳೆಗೆ ಮಣ್ಣಿಗಿಳಿಯುತ್ತೆ, ಕಾಲೂ ಜಾರುತ್ತೆ. ಇಂಥದ್ದನ್ನ ಇಲ್ಲಿ ಹಾಕಬೇಡಿ.

ಲತಾ: ವಾರ್ನಿಶ್ ಹೊಡೆದರೆ ಮುಗೀತಲ್ಲ?

ಗಿರೀಶ್: ಹೊರಗಡೆ ವಾರ್ನಿಶಾ? ಮರ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತೆ, ನೀರು ಒಳಗಿಳಿದು ಸಿಪ್ಪೆ ಏಳುತ್ತೆ. ಪೂರ್ತಿ ಕೆರೀಬೇಕು.

ಲತಾ: ಎಣ್ಣೆಯನ್ನೂ ಮತ್ತೆ ಮತ್ತೆ ಹಚ್ಚಬೇಕಲ್ಲ!

ಗಿರೀಶ್: ತೊಳೆದು, ಒಣಗಿಸಿ, ಹಚ್ಚಿದರಾಯ್ತು. ಕೆರೆಯೋ ಕೆಲಸವಿಲ್ಲ. ಒಂದು ಸಲ ಕೆರೆದು ನೋಡಿ, ಗೊತ್ತಾಗುತ್ತೆ.

ಲತಾ: ಕೇಳಿದ್ದು ಮೇಸ್ತ್ರಿಯವರನ್ನ, ನಿಮ್ಮನ್ನಲ್ಲ.

ನವೀನ್: ಹಲಗೆಯ ಕೆಳಬದಿಗೂ ಹಚ್ಚಬೇಕಾ?

ಅನಿತಾ: ಮೊಳೆ ಸುತ್ತ ಕಪ್ಪು ಕಲೆ. ಬ್ಲೀಚ್ ಹಾಕಲಾ?

ಮೇಸ್ತ್ರಿ: ಬೇಡ, ನಾರು ಹಾಳಾಗುತ್ತೆ, ಕಲೆ ಹಾಗೇ ಇರುತ್ತೆ. ಕಬ್ಬಿಣ ಮರದ ಒಗರಿಗೆ ಸೇರಿ ಕಪ್ಪಾಗಿದೆ. ಲೀಟರ್ ಬಿಸಿನೀರಿಗೆ 50 ಗ್ರಾಂ ಆಕ್ಸಾಲಿಕ್ ಆಮ್ಲ ಕರಗಿಸಿ ಹಚ್ಚಿ, ಕಾಲು ಗಂಟೆ ಬಿಟ್ಟು ಚೆನ್ನಾಗಿ ತೊಳೆಯಿರಿ. ವಿಷ ಅದು, ಕೈಗವಸು, ಕನ್ನಡಕ ಬೇಕೇ ಬೇಕು. ಮರ ಒಳಗೂ ಒಣಗಿದ ಮೇಲೆ ಎಣ್ಣೆ. ಸ್ಟೇನ್‌ಲೆಸ್ ಸ್ಕ್ರೂ ಹಾಕದಿದ್ದರೆ ಕಲೆ ಮತ್ತೆ ಬರುತ್ತೆ.

ಪ್ರಕಾಶ್: ಎಷ್ಟು ಕೋಟ್ ಸರ್?

ಮೇಸ್ತ್ರಿ: ಎರಡು. ಮೇಲೇ ಬರೆದಿದ್ದೀನಿ.

ಶೇಖರ್: ತೆಂಗಿನೆಣ್ಣೆ ನೈಸರ್ಗಿಕ ತಾನೇ?

ಮೇಸ್ತ್ರಿ: ಬೂಷ್ಟೂ ನೈಸರ್ಗಿಕವೇ.

ಪ್ರಕಾಶ್: ಲೀಟರ್ ಎಷ್ಟು ಜಾಗಕ್ಕೆ ಬರುತ್ತೆ?

ಮೇಸ್ತ್ರಿ: ಡಬ್ಬಿ ಮೇಲಿದೆ, ಓದಿ. ಒರಟು ಹಲಗೆ ಇನ್ನೂ ಹೆಚ್ಚು ಕುಡಿಯುತ್ತೆ.