ಪರೀಕ್ಷೆ ತಿಂಗಳಲ್ಲಿ ಮಕ್ಕಳ ಆರೋಗ್ಯ: ಮಕ್ಕಳ ಡಾಕ್ಟರಿಗೆ ಕೇಳಿ (6, 7, 8ನೇ ತರಗತಿ ಪಾಲಕರ ಗುಂಪು)

ಅಡ್ಮಿನ್: ಪಾಲಕರಿಗೆಲ್ಲ ನಮಸ್ಕಾರ. ಮಾರ್ಚ್ ಬಂತು, ವಾರ್ಷಿಕ ಪರೀಕ್ಷೆ ಶುರುವಾಗುತ್ತದೆ. ಸೆಖೆಯೂ ಜೋರಾಗಿದೆ. ಕುಮಟಾ ಕಡೆಯ ಮಕ್ಕಳ ಡಾಕ್ಟರ್ ಒಬ್ಬರು ಇವತ್ತು ಶನಿವಾರ ಸಂಜೆ 7ರಿಂದ ಉತ್ತರ ಕೊಡಲು ಒಪ್ಪಿದ್ದಾರೆ. ಮಕ್ಕಳ ಹೆಸರು ಹಾಕಬೇಡಿ. ಊರು, ತರಗತಿ ಬರೆದರೆ ಸಾಕು. ಫಾರ್ವರ್ಡ್ ಕಳಿಸಬೇಡಿ.

ಡಾಕ್ಟರ್: ನಮಸ್ಕಾರ. ಮನೆಯಲ್ಲಿ ಜ್ವರದ ಮಗು ಇದ್ದವರು ಮೊದಲು ಬರೆಯಿರಿ.

ಅಂಕೋಲಾ, 6ನೇ ತರಗತಿ ತಾಯಿ: ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರೆ. ನುಂಗಿದ ದಿನ ಮಗಳಿಗೆ ಹೊಟ್ಟೆ ತೊಳೆಸುತ್ತದೆ. ಮರುದಿನ ಮಲ ಕಪ್ಪಗೆ. ಪರೀಕ್ಷೆ ಮುಗಿಯುವ ತನಕ ನಿಲ್ಲಿಸಲಾ?

ಡಾಕ್ಟರ್: ನಿಲ್ಲಿಸಬೇಡಿ. ಅದು ಕಬ್ಬಿಣದ ಮಾತ್ರೆ, ಜೊತೆಗೆ ಫೋಲಿಕ್ ಆಸಿಡ್ ಇದೆ. ಮಲ ಕಪ್ಪಾಗುವುದು ಕಬ್ಬಿಣದಿಂದಲೇ, ಹೆದರಬೇಡಿ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ತೊಳೆಸುವುದು ಜಾಸ್ತಿ. ಬಿಸಿಯೂಟ ಆದ ಮೇಲೆ ನುಂಗಲಿ. ಆಮೇಲೆ ಒಂದೆರಡು ತಾಸು ಚಹಾ ಬೇಡ. ಮುಟ್ಟು ಶುರುವಾಗುವ ವಯಸ್ಸು ಇದು. ರಕ್ತ ಕಮ್ಮಿ ಇರುವ ಹುಡುಗಿ ಪುಸ್ತಕ ಹಿಡಿದು ಕೂತರೂ ಅರ್ಧ ತಾಸಿಗೆ ದಣಿಯುತ್ತಾಳೆ. ಅದನ್ನು ಸೋಮಾರಿತನ ಅಂದುಕೊಳ್ಳಬೇಡಿ.

ಕಾರವಾರ, 8ನೇ ತರಗತಿ ತಾಯಿ: ನೆನಪಿನ ಶಕ್ತಿಗೆ ಯಾವ ಟಾನಿಕ್ ಒಳ್ಳೆಯದು ಡಾಕ್ಟ್ರೇ? ಮಗ ಓದಿದ್ದೆಲ್ಲ ಮರೆಯುತ್ತಾನೆ.

ಡಾಕ್ಟರ್: ಅಂಥ ಟಾನಿಕ್ ಇಲ್ಲ. ಈ ವಯಸ್ಸಿಗೆ ರಾತ್ರಿ 9 ತಾಸು ನಿದ್ದೆ ಬೇಕು. 11ರ ತನಕ ಓದಿಸಿ 5ಕ್ಕೆ ಎಬ್ಬಿಸಿದರೆ ಮರೆಯದೆ ಏನು ಮಾಡುತ್ತಾನೆ?

ಹೊನ್ನಾವರ, 7ನೇ ತರಗತಿ ತಂದೆ: ಮಗಳು ಬೋರ್ಡು ಕಾಣುವುದಿಲ್ಲ ಅನ್ನುತ್ತಾಳೆ. ಕನ್ನಡಕ ಈಗಲೇ ಹಾಕಿಸುವುದಾ, ಪರೀಕ್ಷೆ ಮುಗಿದ ಮೇಲಾ?

ಸಿದ್ದಾಪುರ, 7ನೇ ತರಗತಿ ತಾಯಿ: ನಮ್ಮ ಮಾಣಿಗೆ ಮೂರು ದಿನದಿಂದ ಜ್ವರ. ತಲೆನೋವು ಅಂತ ಅಳುತ್ತಾನೆ. ಸೋಮವಾರ ಗಣಿತ ಪರೀಕ್ಷೆ. ಪರೀಕ್ಷೆ ಹೆದರಿಕೆಗೆ ಜ್ವರ ಬಂತು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಪ್ಯಾರಾಸಿಟಮಾಲ್ ಕೊಟ್ಟರೆ ಇಳಿದು ಮತ್ತೆ ಏರುತ್ತದೆ. ಸೋಮವಾರದೊಳಗೆ ಬಿಡುವ ಹಾಗೆ ಬೇರೆ ಏನಾದರೂ ಕೊಡಬಹುದಾ?

ಡಾಕ್ಟರ್: ಪರೀಕ್ಷೆ ವಿಷಯ ಆಮೇಲೆ. ಇದಕ್ಕೆ ಉತ್ತರ ಕೊಡಿ. ಜ್ವರ ನಿಧಾನಕ್ಕೆ ಬಂತಾ, ಒಮ್ಮೆಲೇ ಏರಿತಾ? ಮೈಕೈ ನೋವು ಎಷ್ಟಿದೆ? ಕಣ್ಣು ಕೆಂಪಾಗಿದೆಯಾ? ವಾಂತಿ? ಮೂಗು, ವಸಡಿನಲ್ಲಿ ರಕ್ತ? ಕಳೆದ ಹತ್ತು ದಿನದಲ್ಲಿ ಕಾಡಿಗೆ ಹೋಗಿದ್ದನಾ?

ಸಿದ್ದಾಪುರ, 7ನೇ ತರಗತಿ ತಾಯಿ: ಗುರುವಾರ ಶಾಲೆಯಿಂದ ಬಂದವನು ಚೆನ್ನಾಗಿಯೇ ಇದ್ದ. ರಾತ್ರಿ ಒಮ್ಮೆಲೇ ಚಳಿ ಬಂದು ಮೈ ಸುಟ್ಟಿತು. ಕಾಲು ಮುಟ್ಟಿದರೆ ಕೂಗುತ್ತಾನೆ. ಕಣ್ಣು ಕೆಂಪು ಹೌದು. ಇವತ್ತು ಎರಡು ಸಲ ವಾಂತಿ. ರಕ್ತ ಇಲ್ಲ. ಹೋದ ಭಾನುವಾರ ಅಜ್ಜನ ಜೊತೆ ಸೊಪ್ಪಿನ ಬೆಟ್ಟಕ್ಕೆ ದರಕು (ಉದುರಿದ ಒಣ ಎಲೆ) ತರಲು ಹೋಗಿದ್ದ.

ಡಾಕ್ಟರ್: ಇದು ಪರೀಕ್ಷೆ ಹೆದರಿಕೆ ಅಲ್ಲ. ಹೆದರಿಕೆಗೆ ಹೊಟ್ಟೆ ನೋಯುತ್ತದೆ, ಅಂಗೈ ಬೆವರುತ್ತದೆ, ಹತ್ತು ಸಲ ಬಚ್ಚಲಿಗೆ ಹೋಗುತ್ತಾರೆ. ಮೂರು ದಿನ ಹೀಗೆ ಮೈ ಸುಡುವುದಿಲ್ಲ.

ನನಗೆ ಮಂಗನ ಕಾಯಿಲೆಯ ಅನುಮಾನ ಇದೆ. ಡೆಂಗ್ಯೂ ಇರಬಹುದು, ಬೇರೆಯದೂ ಇರಬಹುದು, ಮೊಬೈಲ್‌ನಲ್ಲಿ ಹೇಳಲು ಬರುವುದಿಲ್ಲ. ಆದರೆ ದರಕು ಒಟ್ಟಿ ಬಂದ ನಾಲ್ಕನೇ ದಿನಕ್ಕೆ ಒಮ್ಮೆಲೇ ಜ್ವರ, ತಲೆನೋವು, ಕೆಂಪು ಕಣ್ಣು, ಇಷ್ಟು ಮೈನೋವು. ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳ, ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಈ ಕಾಯಿಲೆ ಶುರುವಾಗುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ನಿಮ್ಮ ತಾಲೂಕಿಗೆ ಅದು ದೂರವೇನಲ್ಲ. ಡಿಸೆಂಬರಿನಿಂದ ಮೇ ತನಕ ಉಣುಗಿನ ಮರಿಗಳ ಕಾಲ, ಅವು ಇರುವುದೇ ಒಣ ಎಲೆಯಲ್ಲಿ. ದರಕು ತರುವುದೂ ಇದೇ ತಿಂಗಳು.

ಈಗ ದೀಪ ಹಿಡಿದು ಅವನ ಮೈ ನೋಡಿ. ಮೊಣಕಾಲ ಹಿಂದೆ, ತೊಡೆ ಸಂದು, ಕಂಕುಳು, ಕಿವಿ ಹಿಂದೆ, ಕೂದಲು, ಉಡಿದಾರದ ಅಡಿ. ಮರಿ ಉಣುಗು ಎಳ್ಳಿನ ಕಾಳಿಗಿಂತ ಸಣ್ಣ, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಉಗುರಲ್ಲಿ ಕುಟ್ಟಬೇಡಿ. ಸೀಮೆಎಣ್ಣೆ, ಬೀಡಿ ಬೆಂಕಿ ಬೇಡ. ಆಮೇಲೆ ಸೋಪು ಹಾಕಿ ತೊಳೆಯಿರಿ. ಎಲ್ಲಾದರೂ ಬೆಂಕಿ ತಾಗಿದಂಥ ಕಪ್ಪು ಹಕ್ಕಳೆ ಕಂಡರೆ ಡಾಕ್ಟರಿಗೆ ತಪ್ಪದೆ ತೋರಿಸಿ. ಅದು ಬೇರೆ ಕಾಯಿಲೆಯ ಗುರುತು, ಅದಕ್ಕೆ ಔಷಧಿ ಇದೆ.

ಇವತ್ತು ರಾತ್ರಿಯೇ ತಾಲೂಕು ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಹೋದ ಕೂಡಲೇ "ಬೆಟ್ಟಕ್ಕೆ ಹೋಗಿದ್ದ" ಅಂತ ನೀವಾಗಿಯೇ ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ. ಮೊದಲ ದಿನಗಳಲ್ಲಿ ರಕ್ತ ತೆಗೆದರೆ, ವೈರಸ್ ಹುಡುಕುವ ಪರೀಕ್ಷೆಯಾದ ಪಿಸಿಆರ್‌ನಲ್ಲಿ ಗೊತ್ತಾಗುತ್ತದೆ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡವೇ ಬೇಡ. ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವ ಜಾಸ್ತಿ ಮಾಡುತ್ತವೆ. ವೈರಸ್ಸಿಗೇ ಅಂತ ಔಷಧಿ ಇಲ್ಲ. ಆದರೆ ಹೊತ್ತಿಗೆ ಸರಿಯಾಗಿ ಸಲೈನು, ಆರೈಕೆ ಸಿಕ್ಕರೆ ಹೆಚ್ಚಿನವರು ಗುಣವಾಗುತ್ತಾರೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಅವನನ್ನು ತಬ್ಬಿಕೊಂಡೇ ಕರೆದುಕೊಂಡು ಹೋಗಿ.

ಶಿರಸಿ, 8ನೇ ತರಗತಿ ತಂದೆ: ಬಂದ ಮೆಸೇಜ್ ಕಳಿಸುತ್ತಿದ್ದೇನೆ. "ಯಾವುದೇ ವೈರಸ್ ಜ್ವರಕ್ಕೆ ಪಪ್ಪಾಯಿ ಎಲೆ ರಸ ಅರ್ಧ ಲೋಟ, ಬೆಳ್ಳುಳ್ಳಿ ಐದು ಎಸಳು, ದಿನಕ್ಕೆ ಮೂರು ಸಲ. ಒಂದೇ ದಿನದಲ್ಲಿ ಪ್ಲೇಟ್‌ಲೆಟ್ ಏರುತ್ತದೆ. ಆಸ್ಪತ್ರೆ ಬೇಡ. ಎಲ್ಲರಿಗೂ ಕಳಿಸಿ."

ಡಾಕ್ಟರ್: ಇದನ್ನು ಈಗಲೇ ಅಳಿಸಿ. ವಾಂತಿ ಮಾಡುವ ಮಗುವಿನ ಹೊಟ್ಟೆಗೆ ಆ ಕಹಿ ರಸ ಹಾಕಿದರೆ ಇನ್ನೂ ವಾಂತಿ, ಇದ್ದ ನೀರೂ ಹೋಗುತ್ತದೆ. "ಆಸ್ಪತ್ರೆ ಬೇಡ" ಅನ್ನುವ ಮಾತು ಅದಕ್ಕಿಂತ ಕೆಟ್ಟದ್ದು. ರಸ ಕುಡಿಸುತ್ತ ಎರಡು ದಿನ ಕಳೆದು ಬಂದ ಮಕ್ಕಳನ್ನು ನಾನು ನೋಡಿದ್ದೇನೆ.

ಶಿರಸಿ, 8ನೇ ತರಗತಿ ತಂದೆ: ಒಳ್ಳೆಯದಕ್ಕೇ ಹಾಕಿದ್ದು. ನಮ್ಮ ಹಿರಿಯರೆಲ್ಲ ಡಾಕ್ಟರ್ ಇಲ್ಲದೆಯೇ ಬದುಕಲಿಲ್ವಾ?

ಯಲ್ಲಾಪುರ, 6ನೇ ತರಗತಿ ತಾಯಿ: ನನ್ನ ಅಜ್ಜಿ ಹೆತ್ತದ್ದು ಒಂಬತ್ತು ಮಕ್ಕಳನ್ನು. ಉಳಿದದ್ದು ಐದು. ಉಳಿದವರನ್ನು ಮಾತ್ರ ಲೆಕ್ಕ ಹಿಡಿಯಬೇಡಿ ಅಣ್ಣ.

ಶಿರಸಿ, 8ನೇ ತರಗತಿ ತಂದೆ: ಹಾಗಾದರೆ ಮನೆಮದ್ದು ಎಲ್ಲ ಸುಳ್ಳಾ? ಒಂದೆಲಗದ ತಂಬುಳಿ ಬುದ್ಧಿಗೆ ಒಳ್ಳೆಯದು ಅಂತ ಚಿಕ್ಕ ಮಕ್ಕಳಿಗೂ ಗೊತ್ತು.

ಡಾಕ್ಟರ್: ತಂಬುಳಿ ಊಟಕ್ಕೆ ಒಳ್ಳೆಯದು, ಸೆಖೆಗೆ ಮಜ್ಜಿಗೆಯೂ ಹೊಟ್ಟೆಗೆ ಹೋಗುತ್ತದೆ. ಮಾಡಿ ಬಡಿಸಿ. ಜ್ವರದ ಮಗುವಿನ ವಿಷಯದಲ್ಲಿ ವಾದ ಬೇಡ.

ಭಟ್ಕಳ, 6ನೇ ತರಗತಿ ತಂದೆ: ಮಗನಿಗೆ ಅಮ್ಮ ಎದ್ದಿದೆ, ಚಿಕನ್‌ಪಾಕ್ಸ್. ಇವತ್ತಿಗೆ ನಾಲ್ಕು ದಿನ. ಪರೀಕ್ಷೆಗೆ ಕಳಿಸಬಹುದಾ? ಸ್ನಾನ ಮಾಡಿಸಬಾರದು ಅನ್ನುತ್ತಾರೆ.

ಡಾಕ್ಟರ್: ಎಲ್ಲ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವ ತನಕ ಕಳಿಸಬೇಡಿ. ಸ್ನಾನ ಮಾಡಿಸಿ, ಉಗುರು ಕತ್ತರಿಸಿ. ಬೇವಿನ ಸೊಪ್ಪು ಹಾಸಿಗೆಯಲ್ಲಿ ಇಟ್ಟುಕೊಂಡರೆ ನನ್ನ ತಕರಾರಿಲ್ಲ. ಆಸ್ಪಿರಿನ್ ಮಾತ್ರ ಕೊಡಬೇಡಿ.

ಮಾಸ್ತರ್, ಹೊನ್ನಾವರ ತಾಲೂಕು: ಕಾಯಿಲೆ ಬಿದ್ದ ಮಗುವಿಗೆ ನಮ್ಮ ಶಾಲೆಯಲ್ಲಿ ಬಿಟ್ಟ ಪೇಪರನ್ನು ಆಮೇಲೆ ಬರೆಸುತ್ತೇವೆ. ನಿಮ್ಮ ಮಾಸ್ತರ್ರನ್ನೋ ಅಕ್ಕೋರನ್ನೋ ಕೇಳಿ, ಜ್ವರ ಹೊತ್ತುಕೊಂಡು ಕಳಿಸಬೇಡಿ. ಇನ್ನೊಂದು ಮಾತು. ಮಕ್ಕಳು ನೀರೇ ಕುಡಿಯುವುದಿಲ್ಲ. ನೀರಿಗೆ ಅಂತ ಬೆಲ್ ಹೊಡೆಯುತ್ತೇವೆ, ಹುಡುಗಿಯರ ಬಾಟಲಿ ಸಂಜೆಗೂ ತುಂಬಿಯೇ ಇರುತ್ತದೆ.

ಕಾರವಾರ, 8ನೇ ತರಗತಿ ತಾಯಿ (ಇನ್ನೊಬ್ಬರು): ಯಾಕೆ ಕುಡಿಯುವುದಿಲ್ಲ ಅಂತ ಕೇಳಿದ್ದೀರಾ ಮಾಸ್ತರ್ರೇ? ನನ್ನ ಮಗಳಿಗೆ ಒಂದು ವಾರದಿಂದ ಉರಿಮೂತ್ರ. ಬೆಳಿಗ್ಗೆ 9ಕ್ಕೆ ಹೋದವಳು ಸಂಜೆ 5ಕ್ಕೆ ಮನೆಗೆ ಬಂದು ಚೀಲ ಬಿಸಾಡಿ ಬಚ್ಚಲಿಗೆ ಓಡುತ್ತಾಳೆ. ಶಾಲೆಯ ಶೌಚಾಲಯಕ್ಕೆ ಚಿಲಕ ಇಲ್ಲ, ನೀರಿಲ್ಲ. ಮುಟ್ಟಿನ ದಿನ ಶಾಲೆಗೇ ಹೋಗುವುದಿಲ್ಲ.

ಮಾಸ್ತರ್, ಹೊನ್ನಾವರ ತಾಲೂಕು: ಎಲ್ಲ ಶಾಲೆಗೂ ಒಂದೇ ಮಾತು ಹೇಳಬೇಡಿ ತಂಗಿ. ನಮ್ಮಲ್ಲಿ ಬಾವಿ ನೀರು ಮಾರ್ಚ್‌ನಲ್ಲಿ ತಳ ಕಾಣುತ್ತದೆ. ತೊಳೆಯಲು ಆಳಿಲ್ಲ. ನಾನೇ ಕೊಡ ಹೊತ್ತಿದ್ದೇನೆ.

ಕಾರವಾರ, 8ನೇ ತರಗತಿ ತಾಯಿ (ಇನ್ನೊಬ್ಬರು): ನೀವು ಹೊತ್ತಿರಬಹುದು. ನನ್ನ ಮಗಳ ಉರಿ ಅದರಿಂದ ಹೋಗುತ್ತದಾ?

ಅಂಕೋಲಾ, 7ನೇ ತರಗತಿ ತಂದೆ: ಚಿಲಕ ಹಾಕಿಸಲು ಎಷ್ಟು ದುಡ್ಡು ಬೇಕು? ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯಲ್ಲಿ ಪಾಲಕರೇ ಇರುವುದಲ್ವಾ? ಸಭೆಗೆ ಕರೆದರೆ ಯಾರೂ ಬರುವುದಿಲ್ಲ.

ಕಾರವಾರ, 8ನೇ ತರಗತಿ ತಾಯಿ (ಇನ್ನೊಬ್ಬರು): ಸಭೆ ಇಡುವುದು ಬೆಳಿಗ್ಗೆ 11ಕ್ಕೆ. ಮೀನು ಮಾರುವವಳು ಆ ಹೊತ್ತಿಗೆ ಹೇಗೆ ಬರಬೇಕು ನೀವೇ ಹೇಳಿ.

ಡಾಕ್ಟರ್: ಇಬ್ಬರೂ ನಿಲ್ಲಿಸಿ. ಹುಡುಗಿಯ ಮೂತ್ರ ಪರೀಕ್ಷೆ ಮಾಡಿಸಿ, ಸೋಮವಾರದ ತನಕವೂ ಕಾಯಬೇಡಿ. ಚಳಿ ಜ್ವರ ಬಂದರೆ, ಸೊಂಟದ ಮೇಲೆ ಬೆನ್ನು ನೋವು ಬಂದರೆ ಕೂಡಲೇ ಆಸ್ಪತ್ರೆ. ಹಳೇ ಚೀಟಿ ತೋರಿಸಿ ಅಂಗಡಿಯಿಂದ ಆ್ಯಂಟಿಬಯೋಟಿಕ್ ತರಬೇಡಿ. ಮಾಸ್ತರ್ರೇ, ಚಿಲಕ ಮತ್ತು ಒಂದು ಬಕೆಟ್ ನೀರು ಇಲ್ಲದೆ ಬೆಲ್ ಹೊಡೆದರೆ ಹುಡುಗಿಯರು ಕುಡಿಯುವುದಿಲ್ಲ. ಅವರ ಮೇಲೆ ಸಿಟ್ಟಾಗಬೇಡಿ. ಕರಾವಳಿಯ ಬೆವರಿಗೆ ಈ ವಯಸ್ಸಿನವರಿಗೆ ದಿನಕ್ಕೆ ಒಂದೂವರೆ, ಎರಡು ಲೀಟರ್ ಬೇಕೇ ಬೇಕು. ಮನೆಗೆ ಬಂದ ಮೇಲೆ ಗಂಜಿ ತಿಳಿ, ಮಜ್ಜಿಗೆ, ಮುರುಗಲು ಪಾನಕ ಯಾವುದೂ ಆಗಬಹುದು.

ಕುಮಟಾ, 7ನೇ ತರಗತಿ ತಾಯಿ: ನೆನಪಿನ ಶಕ್ತಿಗೆ ಟಾನಿಕ್ ಯಾವುದು ಡಾಕ್ಟ್ರೇ?

ಡಾಕ್ಟರ್: ಮೇಲೆ ಓದಿ.

ಹೊನ್ನಾವರ, 7ನೇ ತರಗತಿ ತಂದೆ: ಕನ್ನಡಕದ ಪ್ರಶ್ನೆ ಕೇಳಿದ್ದೆ.

ಶಿರಸಿ, 8ನೇ ತರಗತಿ ತಂದೆ: ಮಂಗನ ಕಾಯಿಲೆಗೆ ಲಸಿಕೆ ಇದೆಯಲ್ಲ, ಅದನ್ನು ಯಾಕೆ ಹೇಳುವುದಿಲ್ಲ? ಬರೀ ಹೆದರಿಸುತ್ತೀರಿ.

ಡಾಕ್ಟರ್: ಹಳೆಯ ಲಸಿಕೆ ಕೊಡುವುದನ್ನು ನಿಲ್ಲಿಸಿ ವರ್ಷಗಳಾದವು. ಇದ್ದರೆ ನಾನೇ ಮೊದಲು ಹೇಳುತ್ತಿದ್ದೆ. ಈಗ ನಮ್ಮ ಕೈಯಲ್ಲಿ ಇರುವುದು ಮೈ ಕಾಯ್ದುಕೊಳ್ಳುವುದು. ಆರೋಗ್ಯ ಇಲಾಖೆಯವರು ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಕೊಡುತ್ತಾರೆ, ಬೆಟ್ಟಕ್ಕೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿ. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಿ, ಅದರ ಮೈಮೇಲಿನ ಉಣುಗು ಅಲ್ಲೇ ಉದುರಿರುತ್ತದೆ. ಪರೀಕ್ಷೆ ಮುಗಿಯುವ ತನಕವಾದರೂ ಮಕ್ಕಳನ್ನು ದರಕಿಗೆ ಕಳಿಸಬೇಡಿ. ಗೇರುಹಣ್ಣು ಅಂತ ಕಾಡಿನ ಬದಿಗೆ ಹೋಗುವವರ ಮೇಲೂ ಕಣ್ಣಿರಲಿ. ಸಿದ್ದಾಪುರದ ತಾಯಿ ಎಲ್ಲಿದ್ದೀರಿ? ಹೊರಟಿರಾ?

ಅಡ್ಮಿನ್: ಬೇರೆಯವರು ಐದು ನಿಮಿಷ ಬರೆಯಬೇಡಿ.

ಸಿದ್ದಾಪುರ, 7ನೇ ತರಗತಿ ತಾಯಿ: ಆಸ್ಪತ್ರೆಯಲ್ಲಿ ಇದ್ದೇವೆ ಡಾಕ್ಟ್ರೇ. ಉಡಿದಾರದ ಅಡಿ ಒಂದು ಕಚ್ಚಿಕೊಂಡಿತ್ತು. ಬೂದು ಬಣ್ಣ, ಎಳ್ಳಿನಷ್ಟು. ಮಚ್ಚೆ ಅಂದುಕೊಂಡಿದ್ದೆ, ದೀಪ ಹಿಡಿದಾಗ ಕಾಲು ಕಂಡಿತು. ನೀವು ಹೇಳಿದ ಹಾಗೆ ತೆಗೆದೆ. ರಕ್ತ ತೆಗೆದುಕೊಂಡರು. ಪ್ಲೇಟ್‌ಲೆಟ್ ಕಮ್ಮಿ ಇದೆ ಅಂತ ಒಳಗೆ ಮಲಗಿಸಿಕೊಂಡಿದ್ದಾರೆ. ಸಲೈನು ಹಾಕಿದ ಮೇಲೆ ಸ್ವಲ್ಪ ಕಣ್ಣು ಬಿಟ್ಟು ಗಣಿತದ ಪುಸ್ತಕ ಕೇಳಿದ.

ಡಾಕ್ಟರ್: ಒಳ್ಳೆಯ ಕೆಲಸ ಮಾಡಿದಿರಿ ಅಮ್ಮ. ಪುಸ್ತಕ ಕೊಡಬೇಡಿ, ಮಲಗಲಿ. ವಸಡು ನೋಡುತ್ತಿರಿ. ಜ್ವರ ಬಿಟ್ಟು ಮನೆಗೆ ಬಂದ ಮೇಲೂ ಎರಡು ವಾರ ನಿಗಾ ಇರಲಿ. ಕೆಲವರಿಗೆ ಗುಣವಾಯಿತು ಅಂದುಕೊಂಡಾಗ ಮತ್ತೆ ತಲೆನೋವು, ಜ್ವರ ಬರುತ್ತದೆ. ಆಗಲೂ ಕೂಡಲೇ ಬನ್ನಿ. ಒಂದು ಕೇಳುವುದು ಮರೆತೆ. ಜೊತೆಗೆ ಹೋಗಿದ್ದ ಅಜ್ಜ ಹೇಗಿದ್ದಾರೆ?

ಸಿದ್ದಾಪುರ, 7ನೇ ತರಗತಿ ತಾಯಿ: ಅವರು ಮನೆಯಲ್ಲೇ ಇದ್ದಾರೆ. ನಿನ್ನೆಯಿಂದ ತಲೆನೋವು, ಊಟ ಬೇಡ ಅಂತ ಮಲಗಿದ್ದಾರೆ. ವಯಸ್ಸಾಯಿತಲ್ಲ, ದಣಿವು ಅಂದುಕೊಂಡೆವು.

ಡಾಕ್ಟರ್: ಮನೆಗೆ ಫೋನ್ ಮಾಡಿ. ಅವರನ್ನೂ ಈಗಲೇ ಕರೆತರಲು ಹೇಳಿ.