ಒಂದು ಆಂಪ್, ಐದು ಸೋರ್ಸ್: ಆಕ್ಸ್‌ನಲ್ಲಿ ಗುಂಯ್, ರೆಕಾರ್ಡ್ ಹಾಕಿದರೆ ಒಡಕು ದನಿ

ಜಯನಗರ_ಜೋಡಿಸ್ಪೀಕರ್:
ಆಂಪ್ (ಆಂಪ್ಲಿಫೈಯರ್) ಹಿಂದೆ ನಾಲ್ಕೇ ಇನ್‌ಪುಟ್: ಫೋನೋ (ಟರ್ನ್‌ಟೇಬಲ್‌ಗೆ), ಸಿಡಿ, ಟೇಪ್, ಆಕ್ಸ್ (ಬೇರೆ ಯಾವುದಕ್ಕಾದರೂ). ಇರೋದು ಟರ್ನ್‌ಟೇಬಲ್, ಸಿಡಿ ಪ್ಲೇಯರ್, ಕ್ಯಾಸೆಟ್ ಡೆಕ್, ಕೇಬಲ್ ಸೆಟ್‌ಟಾಪ್ ಬಾಕ್ಸ್, ಬ್ಲೂಟೂತ್ ರಿಸೀವರ್. ಕೊನೆಯ ಎರಡನ್ನೂ ವೈ ಕೇಬಲ್‌ನಲ್ಲಿ ಸೇರಿಸಿ ಆಕ್ಸ್‌ಗೆ ಕೊಟ್ಟಿದೆ. ಎರಡರದ್ದೂ ಸೌಂಡ್ ಕಮ್ಮಿ, ಜೊತೆಗೆ ಗುಂಯ್ ಅನ್ನುತ್ತೆ. ರೆಕಾರ್ಡ್ ಹಾಕಿದರೆ ಬೇಸ್ ಧಂ ಧಂ, ದನಿ ಒಡೆದು ಬರುತ್ತೆ. ಆಂಪ್ ಬದಲಾಯಿಸಬೇಕಾ?

ತಂತಿ_ತಕರಾರು:
ಆಂಪ್ ಚೆನ್ನಾಗೇ ಇದೆ ಸಾರ್. ಮೊದಲು ವೈ ಕೇಬಲ್ ಕಳಚಿ. ಒಂದು ಸಿಗ್ನಲ್ ಎರಡು ಕಡೆಗೆ ಹಂಚೋಕೆ ಅದು ಸರಿ, ಎರಡು ಸಿಗ್ನಲ್ ಕೂಡಿಸೋಕೆ ಅಲ್ಲ. ಒಂದರ ಔಟ್‌ಪುಟ್ ಇನ್ನೊಂದರ ಔಟ್‌ಪುಟ್ಟಿಗೆ ಲೋಡ್ ಆಗಿ ಕೂರುತ್ತೆ, ಸೌಂಡ್ ಇಳಿಯೋದು ಅದಕ್ಕೇ. ಎಸ್.ಪಿ. ರೋಡ್‌ನಲ್ಲಿ ಮೂರು ಇನ್, ಒಂದು ಔಟ್ ಇರೋ ಆರ್‌ಸಿಎ (ಕೆಂಪು-ಬಿಳಿ ಪಿನ್) ಸೆಲೆಕ್ಟರ್ ಕೇಳಿ. ಬಾಕ್ಸ್, ಬ್ಲೂಟೂತ್ ಎರಡೂ ಅದರ ಇನ್‌ಗೆ, ಅದರ ಔಟ್ ಆಕ್ಸ್‌ಗೆ. ಕರೆಂಟ್ ಬೇಡದ, ಬರೀ ಸ್ವಿಚ್ ಇರೋದೇ ಸಾಕು. ಒತ್ತೋ ಮುಂಚೆ ವಾಲ್ಯೂಮ್ ಇಳಿಸಿ, ಇಲ್ಲದಿದ್ರೆ ಟಪ್ ಅನ್ನುತ್ತೆ.

ಡೆಕ್‌ಗೆ ಎರಡು ಜೋಡಿ ಕೇಬಲ್: ಆಂಪ್‌ನ ಟೇಪ್ ಔಟ್ ಡೆಕ್‌ನ ಲೈನ್ ಇನ್‌ಗೆ, ಡೆಕ್‌ನ ಲೈನ್ ಔಟ್ ಆಂಪ್‌ನ ಟೇಪ್ ಇನ್‌ಗೆ.

ಮಲ್ಲೇಶ್ವರಂ_ಮುಳ್ಳು:
ಟರ್ನ್‌ಟೇಬಲ್ ಹಿಂದೆ ಫೋನೋ/ಲೈನ್ ಅಂತ ಚಿಕ್ಕ ಸ್ವಿಚ್ ಇದೆಯಾ ನೋಡಿ. ಲೈನ್‌ನಲ್ಲಿಟ್ಟು ಆಂಪ್‌ನ ಫೋನೋಗೆ ಕೊಟ್ಟರೆ ಹೀಗೇ ಆಗೋದು. ಎಂಎಂ ಕಾರ್ಟ್ರಿಡ್ಜ್ (ಮುಳ್ಳು ಕೂರೋ ಭಾಗ, ಸಾಮಾನ್ಯ ಬಗೆಯದು) ಕೊಡೋದು ಸುಮಾರು 5 ಮಿಲಿವೋಲ್ಟ್, ಫೋನೋ ಇನ್‌ಪುಟ್ ಅಷ್ಟಕ್ಕೇ ಮಾಡಿರೋದು. ಲೈನ್ ಸಿಗ್ನಲ್ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಮೇಲಾಗಿ ಆರ್‌ಐಎಎ ತಿದ್ದುಪಡಿ (ರೆಕಾರ್ಡ್‌ನಲ್ಲಿ ತಗ್ಗಿಸಿಟ್ಟ ಬೇಸ್ ಮತ್ತೆ ಏರಿಸೋದು) ಟರ್ನ್‌ಟೇಬಲ್‌ನಲ್ಲೊಮ್ಮೆ, ಆಂಪ್‌ನಲ್ಲೊಮ್ಮೆ, ಹೀಗೆ ಎರಡು ಸಲ ಬಿದ್ದು ಬೇಸ್ ಉಬ್ಬುತ್ತೆ. ಸ್ವಿಚ್ ಫೋನೋಗೆ ತಳ್ಳಿ, ಗ್ರೌಂಡ್ ತಂತಿ ಇದ್ದರೆ ಆಂಪ್‌ನ ಜಿಎನ್‌ಡಿ (ಗ್ರೌಂಡ್) ಸ್ಕ್ರೂಗೆ ಬಿಗಿ ಮಾಡಿ.

ತಂತಿ_ತಕರಾರು:
ಗುಂಯ್ ವಿಷಯ. ಆಕ್ಸ್ ಓಡ್ತಿರುವಾಗಲೇ ಸೆಟ್‌ಟಾಪ್ ಬಾಕ್ಸ್‌ನಿಂದ ಬೀದಿ ಕಡೆಯ ಕೇಬಲ್ ತಿರುಪಿ ತೆಗೀರಿ. ಸದ್ದು ನಿಂತರೆ ಗ್ರೌಂಡ್ ಲೂಪ್ ಅಂತಲೇ ಲೆಕ್ಕ: ಆ ಕೇಬಲ್ಲಿನ ಹೊರ ಜಾಲರಿ ಹೊರಗೆಲ್ಲೋ ಅರ್ತ್ ಆಗಿರುತ್ತೆ, ನಿಮ್ಮ ಆಂಪ್ ಮನೆಯ ಅರ್ತ್‌ನಲ್ಲಿ, ಮಧ್ಯೆ 50 ಹರ್ಟ್ಜ್ ಹರಿದಾಡುತ್ತೆ. ಸೆಲೆಕ್ಟರ್‌ನಿಂದ ಇದು ಹೋಗಲ್ಲ, ಅಗ್ಗದ ಪೆಟ್ಟಿಗೆಗಳಲ್ಲಿ ಗ್ರೌಂಡ್ ಎಲ್ಲಾ ಒಂದೇ ಆಗಿರುತ್ತೆ. ಪ್ಲಗ್‌ನ ಅರ್ತ್ ಪಿನ್ ಕತ್ತರಿಸೋ ಸಲಹೆ ಯಾರು ಕೊಟ್ಟರೂ ಕೇಳಬೇಡಿ, ಶಾಕ್ ಹೊಡೆಯುತ್ತೆ.

ಬಾಕ್ಸ್‌ನಿಂದ ಆಂಪ್‌ಗೆ ಹೋಗೋ ಆರ್‌ಸಿಎ ತೆಗೆದುಬಿಡಿ. ಟಿವಿಯ ಆಪ್ಟಿಕಲ್ ಔಟ್‌ನಿಂದ ಒಂದು ಸಣ್ಣ ಡ್ಯಾಕ್ (ಡಿಜಿಟಲ್ ಸಿಗ್ನಲ್ಲನ್ನು ಅನಲಾಗ್ ಮಾಡೋ ಪೆಟ್ಟಿಗೆ), ಅಲ್ಲಿಂದ ಸೆಲೆಕ್ಟರ್. ಆಪ್ಟಿಕಲ್‌ನಲ್ಲಿ ಸಿಗ್ನಲ್ ಬೆಳಕಾಗಿ ಹೋಗುತ್ತೆ, ಲೋಹದ ತಂತಿಯೇ ಇಲ್ಲ, ಲೂಪ್ ತುಂಡಾಗುತ್ತೆ.

ಜಯನಗರ_ಜೋಡಿಸ್ಪೀಕರ್:
ರೆಕಾರ್ಡ್ ಸರಿಹೋಯ್ತು, ಗುಂಯ್ ಕೂಡ ನಿಂತಿತು. ಆದರೆ ಡ್ಯಾಕ್‌ನಲ್ಲಿ ಟಿವಿ ಸೌಂಡೇ ಇಲ್ಲ.

ಮಲ್ಲೇಶ್ವರಂ_ಮುಳ್ಳು:
ಕೇಬಲ್ ತುದಿಯ ಪುಟ್ಟ ಪಾರದರ್ಶಕ ಟೋಪಿ ತೆಗೆದಿದ್ದೀರಾ? ತೆಗೆದಿದ್ದು ತುದಿಯಲ್ಲಿ ಕೆಂಪು ಬೆಳಕೂ ಕಾಣ್ತಿದ್ದರೆ ಟಿವಿ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್ ಅನ್ನು ಪಿಸಿಎಂ (ಕುಗ್ಗಿಸದ ಸಾದಾ ಡಿಜಿಟಲ್ ಸೌಂಡ್) ಮಾಡಿ. ಸಾದಾ ಡ್ಯಾಕ್‌ಗಳಿಗೆ ಡಾಲ್ಬಿ ಬಿಡಿಸೋಕೆ ಬರಲ್ಲ. ಇನ್ನು ಟಿವಿ ರಿಮೋಟ್‌ನಲ್ಲಿ ವಾಲ್ಯೂಮ್ ಏರಿಳಿಯದಿದ್ದರೆ ಗಾಬರಿ ಬೇಡ, ಬಹುತೇಕ ಟಿವಿಗಳ ಆಪ್ಟಿಕಲ್ ಔಟ್ ಒಂದೇ ಮಟ್ಟದಲ್ಲಿರುತ್ತೆ. ಆಂಪ್‌ನ ನಾಬ್ ತಿರುಗಿಸಬೇಕು ಅಷ್ಟೇ.