ಸಹಾಯ ಬೇಕು: ನಮ್ಮ ಜಾಯಿಕಾಯಿ ಮರ ಗಂಡಾ?

ಎಲ್ಲರಿಗೂ ನಮಸ್ಕಾರ. ನಾವು ಮೂಡಿಗೆರೆ ಕಡೆಯವರು. ಕಳೆದ ತಿಂಗಳು ನಾನೂ ನಮ್ಮ ಯಜಮಾನರೂ ಆಫ್ರಿಕಾ ಕಡೆಯ ಜಾಂಜಿಬಾರ್ ದ್ವೀಪಕ್ಕೆ ಹೋಗಿದ್ದೆವು. ಕಾಫಿ ತೋಟದಿಂದ ನಾಲ್ಕು ದಿನ ತಪ್ಪಿಸಿಕೊಳ್ಳೋಣ ಅಂತ ಹೋದರೆ, ಇವರು ಎರಡನೇ ದಿನವೇ ಅಲ್ಲಿನ ಮಸಾಲೆ ತೋಟಕ್ಕೆ ಕರೆದುಕೊಂಡು ಹೋದರು! ಏಲಕ್ಕಿ, ಮೆಣಸು ನಮಗೇನು ಹೊಸದಲ್ಲ, ಸುಮ್ನೆ ನೋಡಿದೆವು. ಲವಂಗದ ಮೊಗ್ಗನ್ನು ಅರಳುವ ಮೊದಲೇ ಕೊಯ್ದು ಬಿಸಿಲಿಗೆ ಹಾಕುತ್ತಾರೆ, ಆ ಘಮ ಚೆನ್ನಾಗಿತ್ತು.

ತೋಟ ತೋರಿಸುತ್ತಿದ್ದ ಹುಡುಗ ಜಾಯಿಕಾಯಿ ಸೀಳಿ, ಒಳಗಿನ ಕೆಂಪು ಜಾಪತ್ರೆ ತೋರಿಸಿದ. ಇದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ, ಗಂಡು ಮರ ಕಾಯಿ ಬಿಡುವುದಿಲ್ಲ ಅಂದ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಮ್ಮ ಹಿತ್ತಲಲ್ಲಿ ಬೀಜ ಹಾಕಿ ಬೆಳೆಸಿದ ಮರ ಒಂದಿದೆ. 11 ವರ್ಷ ಆಯಿತು. ಮೂರು ವರ್ಷದಿಂದ ಹೂವು ಬಿಡುತ್ತಿದೆ, ಕಾಯಿ ಒಂದೂ ಇಲ್ಲ. ಗೊಬ್ಬರ ಸರಿಯಾಗಿ ಹಾಕುವುದಿಲ್ಲ ಅಂತ ಇವರನ್ನೇ ಬೈಯುತ್ತಿದ್ದೆ, ಪಾಪ.

ಹೂವು ಗೊಂಚಲು ಗೊಂಚಲಾಗಿ ಬರುತ್ತದೆ. ಗಂಡು ಮರದ ಹೂವು ಹೀಗೆ ಗೊಂಚಲಾಗಿ, ಹೆಣ್ಣು ಮರದ್ದು ಹೆಚ್ಚಾಗಿ ಒಂಟಿಯಾಗಿ ಬರುತ್ತದಂತೆ. ಹಾಗಾದರೆ ಗಂಡೇ ಅಲ್ವಾ? ಕಡಿಯಲು ಮನಸ್ಸಿಲ್ಲ. ಹೆಣ್ಣು ಮರದ ಕುಡಿ ತಂದು ಕಸಿ ಕಟ್ಟಬಹುದಂತೆ. ಇಷ್ಟು ದೊಡ್ಡ ಮರಕ್ಕೆ ಯಾರಾದರೂ ಮಾಡಿಸಿದ್ದೀರಾ? ಮಳೆಗಾಲಕ್ಕೆ ಮುಂಚೆಯೋ, ಆಮೇಲೋ? ಮೂಡಿಗೆರೆ, ಸಕಲೇಶಪುರ ಕಡೆ ಕಸಿ ಕಟ್ಟುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.